ನಟ-ನಟಿಯರು ಉಟ್ಟಿದ್ದನ್ನೇ ಜನ ಯಾಕೆ ಕೊಳ್ಳುತ್ತಾರೆ? ಅದರಿಂದ ಲಾಭ ಯಾರಿಗೆ?

ನಮ್ಮದು ಬಾಗಲಕೋಟೆ ಜಿಲ್ಲೆಯ ಇಳಕಲ್. ಮನೆಯವರದೇ ಸೀರೆ ಅಂಗಡಿ. ನೀವು ಕೇಳಿದ್ದನ್ನು ಗಲ್ಲಾ ಮೇಲೆ ಕೂತು ದಿನಾ ನೋಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಈಗ ಗಿರಾಕಿಗಳು ಬಂದ ಕೂಡಲೇ ಮೊಬೈಲ್ ತೆಗೆಯುತ್ತಾರೆ. ಯಾವುದೋ ಸೀರಿಯಲ್ ನಟಿಯ ರೀಲ್ಸ್ ತೋರಿಸಿ, "ಅಕ್ಕಾರ, ಸೇಮ್ ಇಂಥಾದ್ದೇ ಬೇಕ್ರಿ" ಅನ್ನುತ್ತಾರೆ. ಹತ್ತಿಯೋ ರೇಷ್ಮೆಯೋ, ಕೈಮಗ್ಗದ್ದೋ ಪವರ್‌ಲೂಮಿನದ್ದೋ ಅಂತ ಕೇಳುವವರು ಕಡಿಮೆ. ತಮಗೆ ಚೆನ್ನಾಗಿ ಒಪ್ಪುವ ಬಣ್ಣ ಪಕ್ಕದಲ್ಲೇ ಇದ್ದರೂ ಹೊರಳಿ ನೋಡುವುದಿಲ್ಲ. ಆಕೆ ಕಂಡ ಹಾಗೆ ತಾವೂ ಕಾಣಬೇಕು, ಅಷ್ಟೇ. ಆ ಆಸೆ ತಪ್ಪು ಅಂತ ನಾನು ಹೇಳಲ್ಲ. ಮದುವೆ ಮನೆಯಲ್ಲಿ ನಾಲ್ಕು ಜನ ಹೊಗಳಲಿ ಅಂತ ಯಾರಿಗಿರಲ್ಲ? ಆದರೆ ಕಂಪನಿಗಳು ವ್ಯಾಪಾರ ಮಾಡುವುದೇ ಆ ಆಸೆಯ ಮೇಲೆ.

ಇದು ಇನ್‌ಸ್ಟಾಗ್ರಾಂ ಬಂದ ಮೇಲೆ ಶುರುವಾದದ್ದೇನಲ್ಲ. ನಮ್ಮ ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನೀಸ್ 1941ರಲ್ಲೇ ಲಕ್ಸ್ ಸೋಪಿನ ಜಾಹೀರಾತಿಗೆ ಬಂದಿದ್ದರು. ಆ ಸೋಪಿಗೆ ಮುಖವಾದ ಮೊದಲ ಭಾರತೀಯ ತಾರೆ ಅವರೇ. ಆಗ ಜಾಹೀರಾತು ಜಾಹೀರಾತಿನ ಹಾಗೇ ಕಾಣುತ್ತಿತ್ತು. ಈಗ ಯಾವುದು ಇಷ್ಟಪಟ್ಟು ಉಟ್ಟಿದ್ದು, ಯಾವುದು ದುಡ್ಡು ತಗೊಂಡು ಉಟ್ಟಿದ್ದು ಅಂತ ಗೊತ್ತೇ ಆಗಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಹೇಳಿದ್ದು ನಿಜವೋ ಅಲ್ಲವೋ ವಿಚಾರಿಸದೆ ಸುಳ್ಳು ಜಾಹೀರಾತಿನಲ್ಲಿ ಬಂದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. ಇದು ಬೇಕೇ ಬೇಕಾಗಿದ್ದ ಕಾನೂನು.

ಇನ್ನು ಲಾಭದ ಮಾತು. 2023ರ ಬಜೆಟ್ ದಿನ ನಿರ್ಮಲಾ ಸೀತಾರಾಮನ್ ಕಸೂತಿ ಹಾಕಿದ ಕೆಂಪು ಇಳಕಲ್ ಸೀರೆ ಉಟ್ಟಿದ್ದರು. ಅವರು ಸಿನಿಮಾದವರಲ್ಲ, ಆದರೂ ದೇಶವೆಲ್ಲ ಆ ಸೀರೆ ನೋಡಿತು. ನನಗಂತೂ ತುಂಬಾ ಹೆಮ್ಮೆ ಆಯಿತು. ಹೀಗೆ ಹೆಸರು ಬಂದರೆ ಕೇಳುವವರು ಬರುತ್ತಾರೆ, ಒಪ್ಪಿದೆ. ಆದರೆ ಬಂದವರಿಗೆ ಬರೀ ಆ ಬಣ್ಣ, ಆ ದಡಿ ಸಾಕು ಅಂದರೆ ಪವರ್‌ಲೂಮಿನವರು ಅದನ್ನು ಬೇಗ, ಅಗ್ಗಕ್ಕೆ ಕೊಟ್ಟುಬಿಡುತ್ತಾರೆ. ನೇಕಾರನ ಮಗ್ಗದವರೆಗೆ ಆ ದುಡ್ಡು ಬರುವುದೇ ಇಲ್ಲ. ನನಗೆ ಸಂಕಟ ಆಗುವುದು ಇಲ್ಲೇ.

ಯಾಕಂದ್ರೆ ಕೈಮಗ್ಗದ ಇಳಕಲ್ ಸೀರೆಗೆ ಒಡಲಿನ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು, ಬೇರೆ. ಸೆರಗಿನ ರೇಷ್ಮೆ ಹಾಸು ಬೇರೆ. ಒಂದೊಂದು ಎಳೆಗೂ ಕೈಯಲ್ಲೇ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಕಣ್ಣು, ಬೆನ್ನು ಎರಡೂ ಸೋತುಹೋಗುವ ಕೆಲಸ. ರೀಲ್ಸ್‌ನಲ್ಲಿ ಆ ಕೊಂಡಿ ಕಾಣಲ್ಲ.

ನೀವು ಯಾರನ್ನು ನೋಡಿ ಆಸೆಪಟ್ಟು ಬಂದರೂ ಪರವಾಗಿಲ್ಲ. ಅಂಗಡಿಯಲ್ಲಿ ಸೀರೆ ಪೂರ್ತಿ ಬಿಚ್ಚಿಸಿ, ಒಡಲು-ಸೆರಗು ಕೂಡುವ ಜಾಗವನ್ನು ತಿರುವಿ ನೋಡಿ. ಕೊಂಡಿ ಎಲ್ಲಿದೆ ಅಂತ ಕೇಳಿ, ತೋರಿಸುತ್ತಾರೆ. ಪವರ್‌ಲೂಮಿನದ್ದೇ ಇಷ್ಟವಾದರೆ ಅದನ್ನೇ ತಗೊಳ್ಳಿ, ಆದರೆ ಅದಕ್ಕೆ ಕೈಮಗ್ಗದ ರೇಟು ಕೊಡಬೇಡಿ.