ಮ್ಯಾನೇಜರ್ ‘ಬ್ಲಡಿ ಹೆಲ್’ ಅಂದರೆ ಗಾಬರಿ ಬೇಡ

ಇಂಗ್ಲೆಂಡಿಗೆ ಬಂದು ಈಗಷ್ಟೇ ಕೆಲಸಕ್ಕೆ ಸೇರಿದ್ದೀರಿ. ನೀವು ಬೇಗ ಮುಗಿಸಿ ಕೊಟ್ಟ ರಿಪೋರ್ಟ್ ನೋಡಿ ಮ್ಯಾನೇಜರ್ ‘ಬ್ಲಡಿ ಹೆಲ್, ದಟ್ ವಾಸ್ ಕ್ವಿಕ್’ ಅಂದರು. ನಿಘಂಟು ತೆಗೆದರೆ ‘ರಕ್ತಸಿಕ್ತ’, ‘ನರಕ’ ಅಂತಿದೆ. ಇದು ಬೈಗುಳವಾ, ದೂರು ಕೊಡಬೇಕಾ ಅಂತ ಕೇಳಿದ್ದೀರಿ.

ನಿಮ್ಮನ್ನು ಹೊಗಳಿದ್ದಾರೆ ಸ್ವಾಮಿ! ‘ಅಬ್ಬಬ್ಬಾ, ಇಷ್ಟು ಬೇಗ ಮುಗಿಸಿಬಿಟ್ರಾ’ ಅಂದ ಹಾಗೆ. ಮುಂದಿನ ಸಲ ನಕ್ಕು ಥ್ಯಾಂಕ್ಸ್ ಹೇಳಿ, ಸಾಕು.

ನಿಮ್ಮ ಗಾಬರಿ ನನಗೆ ಅರ್ಥ ಆಗುತ್ತೆ. ನಮಗೆ ಈ ಪದ ಪರಿಚಯವಾದದ್ದೇ ಸಿನಿಮಾ ವಿಲನ್‌ಗಳ ಬಾಯಿಂದ. ‘ಬ್ಲಡಿ ಫೂಲ್’, ‘ಬ್ಲಡಿ ರಾಸ್ಕಲ್’ ಅಂದರೆ ಮುಂದೆ ಹೊಡೆದಾಟ ಗ್ಯಾರಂಟಿ. ಬ್ರಿಟನ್ನಿನಲ್ಲಿ ಅದು ಹೆಚ್ಚಾಗಿ ಮಾತಿಗೆ ಒತ್ತು ಕೊಡುವ ಪದ. ಅದಕ್ಕೇ ಸ್ವಂತ ಅರ್ಥ ಹುಡುಕಬೇಡಿ, ಪಕ್ಕದಲ್ಲಿರುವ ಪದ ನೋಡಿ. ‘ಬ್ಲಡಿ ಪ್ರಿಂಟರ್’ ಅಂದರೆ ಹಾಳಾದ ಪ್ರಿಂಟರ್. ‘ಬ್ಲಡಿ ಗುಡ್’ ಅಂದರೆ ಸಖತ್ತಾಗಿದೆ. ‘ನಾಟ್ ಬ್ಲಡಿ ಲೈಕ್ಲಿ’ ಅಂದರೆ ಆಗೋ ಮಾತೇ ಅಲ್ಲ. ನಮ್ಮ ‘ಹಾಳಾದ್ದು’ ಇದಕ್ಕೆ ಹತ್ತಿರದ ನೆಂಟ. ‘ಹಾಳಾದ್ದು ಆ ಹಾಡು, ತಲೆಯಿಂದ ಹೋಗ್ತಾನೇ ಇಲ್ಲ’ ಅನ್ನುವಾಗ ಅದರಲ್ಲಿ ಪ್ರೀತಿಯೇ ಜಾಸ್ತಿ, ಅಲ್ವಾ? ಆದರೆ ಇವರು ‘ಆಬ್ಸೊ-ಬ್ಲಡಿ-ಲೂಟ್ಲಿ’ ಅಂತ ಪದದ ಹೊಟ್ಟೆಯೊಳಗೇ ಅದನ್ನು ತೂರಿಸುತ್ತಾರೆ ನೋಡಿ, ಆ ಕಸರತ್ತು ‘ಹಾಳಾದ್ದು’ ಕೈಲಾಗಲ್ಲ.

ಮೊದಲಿನಿಂದಲೂ ಇದು ಇಷ್ಟು ಸಾಧು ಪದವಾಗಿರಲಿಲ್ಲ. 1914ರಲ್ಲಿ ಲಂಡನ್ನಿನಲ್ಲಿ ಬರ್ನಾರ್ಡ್ ಶಾ ಅವರ ‘ಪಿಗ್ಮೇಲಿಯನ್’ ನಾಟಕ ನಡೆದಾಗ, ಹೂ ಮಾರುವ ಹುಡುಗಿ ಎಲೈಜಾ ವೇದಿಕೆಯ ಮೇಲೆ ‘ನಾಟ್ ಬ್ಲಡಿ ಲೈಕ್ಲಿ’ ಅಂದದ್ದೇ ದೊಡ್ಡ ಗುಲ್ಲಾಯಿತು. ಆಮೇಲೆ ಜನ ಆ ಪದದ ಬದಲು ನಾಟಕದ ಹೆಸರನ್ನೇ ಹಾಕಿ ‘ನಾಟ್ ಪಿಗ್ಮೇಲಿಯನ್ ಲೈಕ್ಲಿ’ ಅಂತ ತಮಾಷೆ ಮಾಡತೊಡಗಿದರು. 2006ರಲ್ಲಿ ಕೂಡ ಆಸ್ಟ್ರೇಲಿಯಾದ ಪ್ರವಾಸೋದ್ಯಮ ಜಾಹೀರಾತಿನಲ್ಲಿ ‘ಬ್ಲಡಿ ಹೆಲ್’ ಇದೆ ಅಂತ ಬ್ರಿಟನ್ನಿನ ಟಿವಿಯಲ್ಲಿ ಅದಕ್ಕೆ ಮೊದಲು ತಡೆ ಬಿತ್ತು. ಮುಂದೆ ಬಿಟ್ಟರು ಅನ್ನಿ. 2016ರಲ್ಲಿ ಇಲ್ಲಿನ ಟಿವಿ, ರೇಡಿಯೊ ನೋಡಿಕೊಳ್ಳುವ ಆಫ್‌ಕಾಮ್ ಬೈಗುಳಗಳ ತೂಕ ಜನರನ್ನೇ ಕೇಳಿ ನೋಡಿತು. ‘ಬ್ಲಡಿ’ ಹಗುರ ಪದಗಳ ಸಾಲಿನಲ್ಲಿತ್ತು. ‘ಎಫ್’ ಪದ ಅತಿ ಕಟುವಾದವುಗಳ ಸಾಲಿನಲ್ಲಿ. ಅದು ಟಿವಿಯಲ್ಲಿ ರಾತ್ರಿ 9ಕ್ಕೆ ಮುಂಚೆ ಬರುವಂತಿಲ್ಲ.

ಹಾಗಂತ ನೀವೂ ಶುರು ಮಾಡಬೇಡಿ. ಕಿವಿಗೆ ಎಲ್ಲಾ ಬೀಳಲಿ, ಬಾಯಿಗೆ ಸದ್ಯಕ್ಕೆ ಬೇಡ. ಬೈಗುಳದಲ್ಲಿ ಪದಕ್ಕಿಂತ ರಾಗ ಮುಖ್ಯ, ಆ ರಾಗ ಹೊಸಬರಿಗೆ ಬೇಗ ಹತ್ತಲ್ಲ. ‘ಬ್ಲಡಿ’ ಅನ್ನುವುದನ್ನು ಸ್ವಲ್ಪ ಒತ್ತಿ ಹೇಳಿದರೂ ಜಗಳಕ್ಕೆ ನಿಂತ ಹಾಗೆ ಕೇಳಿಸುತ್ತೆ. ಗ್ರಾಹಕರ ಮುಂದೆ, ಇಮೇಲ್‌ನಲ್ಲಿ ಅಂತೂ ಬೇಡವೇ ಬೇಡ. ಅಮೆರಿಕದ ಸಹೋದ್ಯೋಗಿಗಳ ಜೊತೆ ಬಳಸಿದರೆ ಅವರಿಗೆ ಬೇಜಾರೇನೂ ಆಗಲ್ಲ, ಬ್ರಿಟಿಷರ ಅನುಕರಣೆ ಮಾಡ್ತಿದ್ದೀರಿ ಅಂತ ನಗಬಹುದು ಅಷ್ಟೇ.

ನೀವು ನಿಜವಾಗಿ ಗಮನಿಸಬೇಕಾದದ್ದು ಬೇರೆ. ಮಳೆಯನ್ನೋ ಟ್ರೈನನ್ನೋ ಬೈದರೆ ಸುಮ್ನೆ ಬಿಡಿ. ‘ಯೂ ಬ್ಲಡಿ’ ಅಂತ ಶುರುವಾಗಿ ಮುಖಕ್ಕೆ ಬಂದರೆ, ಗೆಳೆತನದ ಕೀಟಲೆಯೋ ಸಿಟ್ಟೋ ಅಂತ ಹೇಳುವವರ ಕಣ್ಣಲ್ಲೇ ಗೊತ್ತಾಗುತ್ತೆ. ಆದರೆ ‘ಬ್ಲಡಿ’ ಪಕ್ಕದಲ್ಲಿ ನಿಮ್ಮ ದೇಶ, ಬಣ್ಣ ಅಥವಾ ಧರ್ಮ ಬಂದು ಕೂತರೆ ವಿಷಯವೇ ಬೇರೆ. ಅಲ್ಲಿ ‘ಬ್ಲಡಿ’ ತೆಗೆದುಹಾಕಿದರೂ ಅವಮಾನ ಹಾಗೇ ಇರುತ್ತೆ. ತಮಾಷೆಗೆ ಅಂದೆ ಅಂತ ಅವರು ನುಣುಚಿಕೊಳ್ಳಬಹುದು, ಒಪ್ಪಬೇಡಿ. 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಕೆಲಸದ ಜಾಗದಲ್ಲಿ ಜನಾಂಗ, ಧರ್ಮದ ಹೆಸರಿನಲ್ಲಿ ಕಿರುಕುಳ ಕೊಡುವುದು ಕಾನೂನುಬಾಹಿರ. ಯಾವ ದಿನ, ಯಾರು, ಏನಂದರು, ಪಕ್ಕದಲ್ಲಿ ಯಾರಿದ್ದರು ಅಂತ ಅವತ್ತೇ ಬರೆದಿಡಿ. ಎಚ್‌ಆರ್‌ಗೆ ಬಾಯಿಮಾತಲ್ಲಿ ಹೇಳಿದರೂ ಇಮೇಲ್ ಕೂಡ ಹಾಕಿ. ಮುಂದೇನು ಅಂತ ಗೊತ್ತಾಗದಿದ್ದರೆ ಕೆಲಸದ ಜಾಗದ ತಕರಾರುಗಳಿಗೆ ಸಲಹೆ ಕೊಡುವ ಏಕಾಸ್ (Acas) ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡಿ, ಸಲಹೆಗೆ ದುಡ್ಡು ಕೊಡಬೇಕಿಲ್ಲ.