ಕೆನಡಾ: ಹೆಚ್ಚು ಮತ, ಕಡಿಮೆ ಸ್ಥಾನ

ಪ್ರಶ್ನೆ: ಕೆನಡಾದ 2019ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಹೆಚ್ಚು ಮತ ಬಿದ್ದರೂ ಲಿಬರಲ್ ಪಕ್ಷವೇ ಸರ್ಕಾರ ರಚಿಸಿತೆಂದು ಅಲ್ಲಿನ ಜನ ಇಂದಿಗೂ ವಾದಿಸುತ್ತಾರೆ. ಅದು ಹೇಗೆ ಸಾಧ್ಯವಾಯಿತು, ಅದು ನ್ಯಾಯವೇ?

ಉತ್ತರ: ಅಲ್ಲಿ ಮತದಾರರು ಪ್ರಧಾನಿಯನ್ನು ನೇರವಾಗಿ ಆರಿಸುವುದಿಲ್ಲ, ಪ್ರತಿ ಕ್ಷೇತ್ರದಲ್ಲಿ ಉಳಿದವರಿಗಿಂತ ಹೆಚ್ಚು ಮತ ಪಡೆದವರು ಸಂಸತ್ತಿನ ಕೆಳಮನೆಗೆ ಹೋಗುತ್ತಾರೆ. ಕನ್ಸರ್ವೇಟಿವ್ ಪಕ್ಷಕ್ಕೆ ಸುಮಾರು ಶೇ 34, ಲಿಬರಲ್ ಪಕ್ಷಕ್ಕೆ ಶೇ 33ರಷ್ಟು ಮತ ದೊರೆತಿದ್ದರೂ, 338 ಸ್ಥಾನಗಳಲ್ಲಿ ಅವು ಗೆದ್ದದ್ದು ಕ್ರಮವಾಗಿ 121 ಮತ್ತು 157. ಪಶ್ಚಿಮದ ಆಲ್ಬರ್ಟಾ, ಸಸ್ಕಾಚೆವಾನ್ ಪ್ರಾಂತ್ಯಗಳಲ್ಲಿ ಕನ್ಸರ್ವೇಟಿವ್ ಅಭ್ಯರ್ಥಿಗಳು ಭಾರಿ ಅಂತರದಿಂದ ಗೆದ್ದರು; ಗೆಲುವಿಗೆ ಬೇಕಾದುದಕ್ಕಿಂತ ಹೆಚ್ಚಾಗಿ ಬಿದ್ದ ಆ ಮತಗಳು ಹೊಸ ಸ್ಥಾನಗಳನ್ನು ತರಲಿಲ್ಲ. ಒಂಟಾರಿಯೊ, ಕ್ವಿಬೆಕ್‌ಗಳಲ್ಲಿ ಲಿಬರಲ್ ಮತಗಳು ಅನೇಕ ಕ್ಷೇತ್ರಗಳಲ್ಲಿ ಹರಡಿಕೊಂಡಿದ್ದರಿಂದ ಫಲ ಕೊಟ್ಟವು.

ಪಶ್ಚಿಮದ ಪ್ರಾಂತ್ಯಗಳವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆಡೆ ಇದೆ: ಅದೇ ಚುನಾವಣೆಯಲ್ಲಿ ದೇಶದಾದ್ಯಂತ ಸುಮಾರು ಶೇ 16 ಮತ ಗಳಿಸಿದ ನ್ಯೂ ಡೆಮಾಕ್ರಟಿಕ್ ಪಕ್ಷಕ್ಕೆ 24 ಸ್ಥಾನಗಳು ದಕ್ಕಿದರೆ, ಕ್ವಿಬೆಕ್‌ನಲ್ಲಿ ಮಾತ್ರ ಸ್ಪರ್ಧಿಸುವ ಬ್ಲಾಕ್ ಕ್ವಿಬೆಕ್ವಾ ಪಕ್ಷಕ್ಕೆ ಶೇ 8ಕ್ಕಿಂತ ಕಡಿಮೆ ಮತದಿಂದಲೇ 32 ದಕ್ಕಿದವು. ಈ ಪದ್ಧತಿಯಲ್ಲಿ ನಡೆಯುವ ಕೊನೆಯ ಚುನಾವಣೆ 2015ರದ್ದೇ ಎಂದು ಭರವಸೆಯಿತ್ತು ಅಧಿಕಾರಕ್ಕೆ ಬಂದ ಲಿಬರಲ್ ಪಕ್ಷದ ಜಸ್ಟಿನ್ ಟ್ರೂಡೊ ಅವರ ಸರ್ಕಾರ, 2017ರಲ್ಲಿ ಆ ಮಾತನ್ನು ಕೈಬಿಟ್ಟಿತು.