ನಿಮ್ಮ ‘ಲಡಾಖಿನ ನಿಗೂಢ ಬೆಳಕು’ ಯಾಕೆ ವಾಪಸ್ ಬರುತ್ತಿದೆ

ನಮಸ್ಕಾರ.

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಅದರೊಳಗೆ ಇನ್ನೊಂದು ಒಳ್ಳೆಯ ಲೇಖನ ಇದೆ, ಅದು ನಿಮ್ಮ ಕಣ್ಣಿಗೇ ಬಿದ್ದಂತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪ್ಯಾರಾ ಪೂರ್ತಿ ಪುಷ್ಪಕ ವಿಮಾನ. ತೆಗೆದುಬಿಡಿ. ಲಡಾಖಿನ ಗಡಿಯ ಪಾಂಗಾಂಗ್ ಸರೋವರ ಬರುವಷ್ಟರಲ್ಲಿ ಓದುಗ ಇಳಿದು ಹೋಗಿರುತ್ತಾನೆ.

ನಾಲ್ಕನೆಯದರಿಂದ ವಿಷಯ ಶುರು. 2012ರಲ್ಲಿ ಚೀನಾ ಗಡಿ ಕಾಯುತ್ತಿದ್ದ ನಮ್ಮ ಸೈನಿಕರಿಗೆ ಹಳದಿ ಬೆಳಕಿನ ಉಂಡೆಗಳು ಕಂಡವು. ಆಚೆ ಕಡೆಯ ದಿಗಂತದಿಂದ ಎದ್ದು, ಮೂರರಿಂದ ಐದು ಗಂಟೆ ನಿಧಾನಕ್ಕೆ ಸಾಗಿ ಮಾಯವಾಗುತ್ತಿದ್ದವು. ಸರಿಯಾಗಿಯೇ ಬರೆದಿದ್ದೀರಿ. ಆದರೆ ‘ಮೂರರಿಂದ ಐದು ಗಂಟೆ’ ಅಂತ ಬರೆದವರು ಅಲ್ಲಿ ಒಂದು ಗಳಿಗೆ ನಿಲ್ಲಬಾರದಿತ್ತಾ? ಅವರಿಗೆ ಚೀನಾದ ಡ್ರೋನ್ ಅಂತ ಅನುಮಾನ ಇತ್ತು, ಆದರೆ ಯಾವ ಡ್ರೋನ್ ಅಷ್ಟು ಪುರುಸೊತ್ತಾಗಿ ಆಕಾಶ ದಾಟುತ್ತದೆ? ಸುಳಿವು ನಿಮ್ಮ ವಾಕ್ಯದಲ್ಲೇ ಇತ್ತು.

ಆಮೇಲೆ ಸೇನೆ ಬೆಟ್ಟದ ಮೇಲೆ ರೇಡಾರ್ ತಂದಿಟ್ಟಿತು. ಕಣ್ಣಿಗೆ ಕಾಣುವುದು ರೇಡಾರಿಗೆ ಸಿಗಲಿಲ್ಲ. ತಮ್ಮದೇ ಡ್ರೋನ್ ಹಾರಿಸಿದರು. ಅದು ತನ್ನ ಶಕ್ತಿ ಇರುವಷ್ಟು ಮೇಲೇರಿ ಗುರಿಯನ್ನೇ ಕಳೆದುಕೊಂಡಿತು. ಇಲ್ಲಿ ನೀವು ‘ರೇಡಾರಿಗೂ ಸಿಗದ ಮೇಲೆ ಅದು ಈ ಲೋಕದ್ದಲ್ಲ’ ಅಂತ ಮುಗಿಸಿದ್ದೀರಿ. ಈ ಲೋಕದ್ದಲ್ಲ ಅನ್ನುವುದೇನೋ ನಿಜ, ಆದರೆ ನೀವು ಅಂದುಕೊಂಡ ಅರ್ಥದಲ್ಲಿ ಅಲ್ಲ.

ನೀವು 2012ರ ಸುದ್ದಿಗಳನ್ನಷ್ಟೇ ಓದಿ ನಿಲ್ಲಿಸಿದ್ದೀರಿ. ಉತ್ತರ ಬಂದದ್ದು 2013ರಲ್ಲಿ, ಅದೂ ಬೆಂಗಳೂರಿನಿಂದ. ಗ್ರಹ, ನಕ್ಷತ್ರಗಳನ್ನು ಅಧ್ಯಯನ ಮಾಡುವ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರು ಸೇನೆಯಿಂದ ಕೇಳಿದ್ದು ಇಷ್ಟೇ: ಬೆಳಕು ಎಷ್ಟು ಗಂಟೆಗೆ ಕಂಡಿತು, ಯಾವ ದಿಕ್ಕಿನಲ್ಲಿತ್ತು, ದಿಗಂತದಿಂದ ಎಷ್ಟು ಡಿಗ್ರಿ ಮೇಲಿತ್ತು. ಆ ಅಂಕಿಗಳು ಬಂದ ಮೇಲೆ ಗೊಂದಲ ಉಳಿಯಲಿಲ್ಲ. ಸಂಜೆಯದು ಗುರು, ಬೆಳಗಿನ ಜಾವದ್ದು ಶುಕ್ರ. ಆ ಡಿಸೆಂಬರಿನಲ್ಲಿ ಗುರು ಭೂಮಿಗೆ ತೀರಾ ಹತ್ತಿರ ಬಂದಾಗಲೂ ದೂರ ಸುಮಾರು 60 ಕೋಟಿ ಕಿಲೋಮೀಟರ್. ಡ್ರೋನ್ ಪಾಪ ಏನು ಮಾಡೀತು?

ನಿಮ್ಮ ಲೇಖನದಲ್ಲಿ ಇಲ್ಲದ ಇನ್ನೊಂದು ವಿವರ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಸೈನಿಕರು ಈ ಬೆಳಕನ್ನು 329 ಸಲ ದಾಖಲಿಸಿದ್ದರು. ಅದರಲ್ಲಿ 155 ಸಲ ಅದು ಗಡಿ ದಾಟಿ ಒಳಗೆ ಬಂತು ಅಂತ ಬರೆದುಕೊಂಡಿದ್ದರು. ನಗು ಬರುತ್ತದೆ, ನನಗೂ ಬಂತು. ಆದರೆ ಲೇಖನದಲ್ಲಿ ನಗಬೇಡಿ. ಪಾಂಗಾಂಗ್ ಇರುವುದು 4,200 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು, ಗ್ರಹಗಳು ನಮ್ಮೂರಿಗಿಂತ ಜಾಸ್ತಿ ಹೊಳೆಯುತ್ತವೆ. ಎದುರಿಗೆ ಚೀನಾ. ಚಳಿಯಲ್ಲಿ ಕಾವಲು ನಿಂತವನು ಬೆಳಕು ಕಂಡರೆ ಡ್ರೋನ್ ಇರಬಹುದು ಅಂತಲೇ ಬರೆದುಕೊಳ್ಳಬೇಕು. ಅದು ಅವನ ಕೆಲಸ.

ನಮ್ಮ ಹಳ್ಳಿಗಳಲ್ಲಿ ಬೆಳ್ಳಿ ಮೂಡಿತು ಅಂದರೆ ಎದ್ದು ಎತ್ತು ಕಟ್ಟುವ ಹೊತ್ತು. ಅದೇ ಬೆಳ್ಳಿಚುಕ್ಕಿ ಅಲ್ಲಿ ಬೇಹುಗಾರನಂತೆ ಕಂಡಿದೆ. ನಿಮ್ಮ ಲೇಖನ ಇಲ್ಲಿಂದ ಶುರುವಾಗಬಹುದಿತ್ತು, ಅಲ್ವಾ?

ಹಾಗೆ ಶುರು ಮಾಡಿದರೆ ‘ರಹಸ್ಯ ಇಂದಿಗೂ ರಹಸ್ಯವಾಗಿಯೇ ಉಳಿದಿದೆ’ ಅನ್ನುವ ಕೊನೆಯ ಸಾಲು ತಾನಾಗೇ ಉದುರಿ ಹೋಗುತ್ತದೆ. ‘ಬೆಚ್ಚಿಬೀಳಿಸುವ’ ಅನ್ನುವ ಮಾತು ಏಳು ಸಲ ಬಂದಿದೆ. ಒಂದು ಸಲವೂ ಬೇಡ.

ಲಡಾಖಿಗೆ ಹೋಗಿ ನೋಡುವಷ್ಟು ದುಡ್ಡಿಲ್ಲ ಅಂತ ಪತ್ರದಲ್ಲಿ ಬೇಜಾರು ಮಾಡಿಕೊಂಡಿದ್ದೀರಿ. ಲಡಾಖಿನ ಹಾನ್ಲೆಯಲ್ಲಿ ಇದೇ ಸಂಸ್ಥೆಯ ಎರಡು ಮೀಟರ್ ದೂರದರ್ಶಕ ಇದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಅನುಮತಿ ಕೇಳಿ, ಸಿಕ್ಕರೆ ಒಮ್ಮೆ ಹೋಗಿ ಬನ್ನಿ. ಆಮೇಲೆ ಸಾವಿರ ಪದದೊಳಗೆ ಬರೆದು ಕಳಿಸಿ.